ಅಪ್ಪಯ್ಯನ ಪದ್ಮಿನಿ, ಡೆಟ್ರಾಯಿಟ್‌ನ ಇಂಪಾಲಾ, ನಮ್ಮ ಬಾಳೆಬರೆ ಘಾಟಿ

ಅಪ್ಪಯ್ಯನ ಕಾರು ಮಾರೋಣ ಅಂತ ನಾನು ಹೇಳಿದ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಕಾರು 1985ರ ಪ್ರೀಮಿಯರ್ ಪದ್ಮಿನಿ. ಅಪ್ಪಯ್ಯ ಅದನ್ನು ಸೆಕೆಂಡ್‌ಹ್ಯಾಂಡ್ ತಗೊಂಡಿದ್ದು ನಾನು ಹುಟ್ಟುವ ಮೊದಲು. ಕುಂದಾಪುರ ತಾಲೂಕಿನ ಸಿದ್ದಾಪುರದಲ್ಲಿ ನಮ್ಮ ಮನೆಯ ಪಕ್ಕದ ಹೆಂಚಿನ ಶೆಡ್‌ನಲ್ಲಿ, ತೆಂಗಿನಕಾಯಿ ರಾಶಿ ಮತ್ತು ಅಡಿಕೆ ಮೂಟೆಗಳ ನಡುವೆ ಅದರ ಜಾಗ. ಬರುವ ಡಿಸೆಂಬರ್‌ನಲ್ಲಿ ರಿಜಿಸ್ಟ್ರೇಷನ್ ನವೀಕರಣ ಇತ್ತು. 20 ವರ್ಷ ದಾಟಿದ ಕಾರಿಗೆ ಈಗ ನವೀಕರಣ ಶುಲ್ಕವೇ 10,000 ರೂಪಾಯಿ. ಜೊತೆಗೆ ಫಿಟ್‌ನೆಸ್, ಇನ್ಶೂರೆನ್ಸ್, ಸಿಗದ ಬಿಡಿಭಾಗ. ಅಪ್ಪಯ್ಯನಿಗೆ 68 ವರ್ಷ. ಇಷ್ಟರ ಮೇಲೆ ಅವರು ಆ ಕಾರಿನಲ್ಲಿ ಬಾಳೆಬರೆ ಘಾಟಿ ಹತ್ತಿ ನಗರದಲ್ಲಿರುವ ಅತ್ತೆ ಮನೆಗೆ ಒಬ್ಬರೇ ಹೋಗಿಬರುತ್ತಾರೆ. ನನ್ನ ಹೆದರಿಕೆ ಇದ್ದದ್ದು ಅಲ್ಲಿ.

“ನಂಗ್ ಹುಷಾರಿತ್, ಕಾರಿಗೂ ಹುಷಾರಿತ್. ಮಾರೂದ್ ಎಂತಕೆ?” ಅಂತ ಅಪ್ಪಯ್ಯ ಕೈ ತೊಳೆದು ಎದ್ದುಹೋದರು.

ಬೆಂಗಳೂರಿನಲ್ಲಿ ನಾನು ಮಾಡುವ ಕೆಲಸ ಕಾರುಗಳ ಪವರ್ ಸ್ಟೇರಿಂಗ್ ಸಾಫ್ಟ್‌ವೇರ್ ಪರೀಕ್ಷೆ ಮಾಡುವುದು. ಇಂದಿನ ಕಾರುಗಳಲ್ಲಿ ಸ್ಟೇರಿಂಗ್ ಎಷ್ಟು ಹಗುರವಾಗಿ ತಿರುಗಬೇಕು, ಯಾವ ವೇಗದಲ್ಲಿ ಎಷ್ಟು ಬಿಗಿ ಅನಿಸಬೇಕು ಎಂಬುದನ್ನು ಒಂದು ಮೋಟರ್ ಮತ್ತು ನಮ್ಮಂಥವರು ಬರೆದ ಸಂಖ್ಯೆಗಳ ಪಟ್ಟಿ ತೀರ್ಮಾನಿಸುತ್ತವೆ. ಹಾಗಾಗಿ ಕಾರಿನ ‘ಹ್ಯಾಂಡ್ಲಿಂಗ್’ ಬಗ್ಗೆ ಅಪ್ಪಯ್ಯನಿಗಿಂತ ನನಗೇ ಹೆಚ್ಚು ಗೊತ್ತು ಎಂಬ ಧೈರ್ಯ ನನ್ನಲ್ಲಿತ್ತು. ಆ ಧೈರ್ಯ ಎಲ್ಲಿ ಕರಗಿತು ಅಂತ ಹೇಳುವ ಮೊದಲು ಡೆಟ್ರಾಯಿಟ್‌ಗೆ ಹೋಗಿ ಬರೋಣ.

ಸೋಫಾ ಮೇಲೆ ಕೂತು ಹೋದ ಹಾಗೆ

2024ರ ಬೇಸಿಗೆಯಲ್ಲಿ ಕಂಪನಿ ನನ್ನನ್ನು ಮೂರು ತಿಂಗಳು ಮಿಶಿಗನ್‌ಗೆ ಕಳಿಸಿತ್ತು. ಆಗಸ್ಟ್‌ನಲ್ಲಿ ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೆಯ ಕಾರುಗಳ ದೊಡ್ಡ ಜಾತ್ರೆ ಆಗುತ್ತದೆ, ‘ಡ್ರೀಮ್ ಕ್ರೂಸ್’ ಅಂತ. ನಮ್ಮ ಕಡೆ ರಥಬೀದಿಯಲ್ಲಿ ಜನ ತೇರು ನೋಡಲು ನಿಲ್ಲುವಂತೆ ಅಲ್ಲಿ ರಸ್ತೆ ಬದಿ ಕುರ್ಚಿ ಹಾಕಿಕೊಂಡು ಕಾರು ನೋಡುತ್ತಾರೆ. ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರು ತಮ್ಮ 1965ರ ಶೆವ್ರೊಲೆ ಇಂಪಾಲಾದಲ್ಲಿ ನನ್ನನ್ನು ಕೂರಿಸಿಕೊಂಡರು.

ಉದ್ದ 5.4 ಮೀಟರ್. ಮುಂದಿನ ಸೀಟೇ ಮೂರು ಜನ ಆರಾಮಾಗಿ ಕೂರುವ ಸೋಫಾ. ರಸ್ತೆಯ ಗುಂಡಿ, ಬಿರುಕು ಯಾವುದೂ ಒಳಗೆ ಗೊತ್ತಾಗುವುದಿಲ್ಲ. ತಣ್ಣಗಿನ ಹೊಳೆಯಲ್ಲಿ ದೋಣಿ ಹೋದ ಹಾಗೆ ತೇಲುತ್ತದೆ. ಆಮೇಲೆ ಹೆದ್ದಾರಿಯಿಂದ ಇಳಿಯುವ ವೃತ್ತಾಕಾರದ ತಿರುವು ಬಂತು. ಕಾರು ಒಂದು ಬದಿಗೆ ವಾಲಿತು, ನಾನು ಆ ನುಣುಪು ಸೀಟಿನ ಮೇಲೆ ಜಾರಿ ಬಾಗಿಲಿಗೆ ಒತ್ತಿಕೊಂಡೆ, ಟೈರುಗಳು ಕಿರ್ ಅಂದವು. ವೇಗ ಹೆಚ್ಚೇನೂ ಇರಲಿಲ್ಲ. ಸಹೋದ್ಯೋಗಿ ನಗುತ್ತಾ ಹೇಳಿದರು, ಇದಕ್ಕೆ ತಿರುವು ಅಂದರೆ ಆಗಿಬರುವುದಿಲ್ಲ ಅಂತ.

ಆಮೇಲೆ ಖಾಲಿ ಪಾರ್ಕಿಂಗ್‌ನಲ್ಲಿ ಓಡಿಸಲು ಕೊಟ್ಟರು. ಪವರ್ ಸ್ಟೇರಿಂಗ್ ಎಷ್ಟು ಹಗುರ ಅಂದರೆ ಕಿರುಬೆರಳಲ್ಲಿ ತಿರುಗಿಸಬಹುದು. ಆದರೆ ಮುಂದಿನ ಚಕ್ರ ಟಾರಿನ ಮೇಲಿದೆಯೋ ಜಲ್ಲಿಯ ಮೇಲಿದೆಯೋ ಕೈಗೆ ಏನೂ ತಿಳಿಯುವುದಿಲ್ಲ.

ಆ ರಾತ್ರಿಯೇ ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಫೋಟೊ ಹಾಕಿ, ‘ಅಪ್ಪಯ್ಯಾ, ನಿಮ್ಮ ಪದ್ಮಿನಿ ಇದಕ್ಕಿಂತ ಚೆನ್ನಾಗಿ ತಿರುಗುತ್ತದೆ’ ಅಂತ ಬರೆದೆ. ಅವರು ಹೆಬ್ಬೆರಳು ಒತ್ತಿದರು, ಅಷ್ಟೆ.

ರಸ್ತೆ ಹೇಗೋ ಕಾರು ಹಾಗೆ

ಹಳೆಯ ಅಮೆರಿಕನ್ ಕಾರು ಯಾಕೆ ಹೀಗೆ, ಯುರೋಪಿನ ಕಾರು ಯಾಕೆ ಬೇರೆ ಎಂಬುದಕ್ಕೆ ಉತ್ತರ ಕಾರಿನ ಬಾನೆಟ್ ಒಳಗೆ ಸಿಗುವುದಕ್ಕಿಂತ ಹೆಚ್ಚು ರಸ್ತೆಯಲ್ಲಿ ಸಿಗುತ್ತದೆ.

ಡೆಟ್ರಾಯಿಟ್ ಸುತ್ತಮುತ್ತ ಮುಖ್ಯ ರಸ್ತೆಗಳು ಮೈಲಿಗೊಂದರಂತೆ ಗೆರೆ ಎಳೆದ ಹಾಗಿವೆ. ಹೆಸರೂ ಹಾಗೆಯೇ: ಎಯ್ಟ್ ಮೈಲ್ ರೋಡ್, ನೈನ್ ಮೈಲ್ ರೋಡ್. ಅಲ್ಲಿ ಪೆಟ್ರೋಲ್ ಅಗ್ಗವಿತ್ತು. 1956ರಲ್ಲಿ ಅಂತರರಾಜ್ಯ ಹೆದ್ದಾರಿಗಳ ಕಾನೂನು ಬಂದು ದೇಶದ ಉದ್ದಗಲಕ್ಕೂ ಅಗಲ ರಸ್ತೆ ಹಾಸಿದರು. ದಿನವಿಡೀ ನೇರ ಓಡಿಸುವವನಿಗೆ ಬೇಕಾದದ್ದು ಮೆತ್ತಗಿನ ಸ್ಪ್ರಿಂಗ್, ದೊಡ್ಡ ಎಂಜಿನ್, ಹಗುರ ಸ್ಟೇರಿಂಗ್. ಕಂಪನಿಗಳು ಅದನ್ನೇ ಕೊಟ್ಟವು. ಕಂಬಳದ ಕೋಣ ನೋಡಿದ್ದೀರಲ್ಲ? ಕರೆಯಲ್ಲಿ ನೇರ ಓಡುವಾಗ ಅದರ ಮುಂದೆ ಯಾರೂ ಇಲ್ಲ. ಅದನ್ನೇ ಗದ್ದೆಯ ಅಂಚಿನ ಮೇಲೆ ತಿರುಗಿಸಿ ಅಂದರೆ ಕಷ್ಟ. ಅಮೆರಿಕದ ಡ್ರ್ಯಾಗ್ ರೇಸ್ ಕೂಡ ಕಾಲು ಮೈಲಿ, ಅಂದರೆ 402 ಮೀಟರ್ ನೇರ ಓಟ.

ಯುರೋಪಿನಲ್ಲಿ ಊರುಗಳು ಹಳೆಯವು, ಬೀದಿಗಳು ಕಿರಿದು, ನಡುವೆ ಆಲ್ಪ್ಸ್ ಬೆಟ್ಟ. ಪೆಟ್ರೋಲ್ ದುಬಾರಿ. ಬ್ರಿಟನ್‌ನಲ್ಲಿ 1947ರ ತನಕ ಎಂಜಿನ್ ಸಿಲಿಂಡರಿನ ವ್ಯಾಸ ನೋಡಿ ತೆರಿಗೆ ಹಾಕುತ್ತಿದ್ದರು, ಹಾಗಾಗಿ ಎಂಜಿನ್ ಚಿಕ್ಕದಾಗಿಯೇ ಉಳಿಯಿತು. ಎಂಜಿನ್‌ನಲ್ಲಿ ಶಕ್ತಿ ಕಡಿಮೆ ಇದ್ದಾಗ ತಿರುವಿನಲ್ಲಿ ವೇಗ ಕಳೆದುಕೊಂಡರೆ ಮತ್ತೆ ಗಳಿಸುವುದು ಕಷ್ಟ. ಆದ್ದರಿಂದ ತಿರುವಿನಲ್ಲಿ ವೇಗ ಉಳಿಸಿಕೊಳ್ಳುವ ಕಾರು ಮಾಡಬೇಕಾಯಿತು. ಇದರಲ್ಲಿ ಟೈರಿನ ಪಾಲೂ ದೊಡ್ಡದು. ಫ್ರಾನ್ಸಿನ ಮಿಶೆಲಿನ್ ಕಂಪನಿ 1940ರ ದಶಕದ ಕೊನೆಗೇ ರೇಡಿಯಲ್ ಟೈರು ತಂದಿತು. ಅಮೆರಿಕದ ಕಾರುಗಳು 1970ರ ದಶಕದವರೆಗೂ ಹೆಚ್ಚಾಗಿ ಹಳೆಯ ಬಗೆಯ ಟೈರಿನಲ್ಲೇ ಓಡಿದವು. ಇಂಪಾಲಾ ಆವತ್ತು ಕಿರ್ ಅಂದದ್ದರಲ್ಲಿ ಟೈರಿನ ತಪ್ಪೂ ಇತ್ತು.

ಹಾಗಂತ ‘ಯುರೋಪ್ ಗೆದ್ದಿತು, ಅಮೆರಿಕ ಸೋತಿತು’ ಅಂತ ತೀರ್ಪು ಕೊಡಲು ಹೋದರೆ ಇತಿಹಾಸ ಕಾಲೆಳೆಯುತ್ತದೆ. 1965ರಲ್ಲಿ ರಾಲ್ಫ್ ನೇಡರ್ ಎಂಬ ವಕೀಲರು ಬರೆದ ಪುಸ್ತಕ ಶೆವ್ರೊಲೆ ಕೊರ್ವೇರ್ ಕಾರಿನ ಹಿಂದಿನ ಸಸ್ಪೆನ್ಷನ್ ಅಪಾಯಕಾರಿ ಎಂದು ದೊಡ್ಡ ಗದ್ದಲ ಎಬ್ಬಿಸಿತು. ಅದು ‘ಸ್ವಿಂಗ್ ಆ್ಯಕ್ಸಲ್’, ತಿರುವಿನಲ್ಲಿ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಳ್ಳಬಹುದು. ಆದರೆ ಅದೇ ಬಗೆಯ ಆ್ಯಕ್ಸಲ್ ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲೂ ಇತ್ತು, ಮರ್ಸಿಡಿಸ್ 300 ಎಸ್‌ಎಲ್‌ನಲ್ಲೂ ಇತ್ತು. 1972ರಲ್ಲಿ ಅಮೆರಿಕ ಸರ್ಕಾರದ ಪರೀಕ್ಷೆ, ಕೊರ್ವೇರ್ ತನ್ನ ಕಾಲದ ಇತರ ಕಾರುಗಳಿಗಿಂತ ಹೆಚ್ಚು ಅಪಾಯಕಾರಿಯೇನಲ್ಲ ಎಂದಿತು.

ಇನ್ನೊಂದು ಕಥೆ ನನಗೆ ತುಂಬಾ ಇಷ್ಟ. 1964ರ ಮಾಂಟೆ ಕಾರ್ಲೊ ರ‍್ಯಾಲಿ ನಡೆದದ್ದು ಆಲ್ಪ್ಸ್‌ನ ಹಿಮದ ತಿರುವುಗಳಲ್ಲಿ. ಗೆದ್ದದ್ದು ಮೂರು ಮೀಟರ್ ಉದ್ದದ ಬ್ರಿಟಿಷ್ ಕಾರು ಮಿನಿ ಕೂಪರ್, ಇದು ಎಲ್ಲರಿಗೂ ಗೊತ್ತು. ಎರಡನೆಯದಾಗಿ ಬಂದದ್ದು ಅಮೆರಿಕದ ವಿ8 ಎಂಜಿನ್ನಿನ ಫೋರ್ಡ್ ಫಾಲ್ಕನ್! ವೇಗದ ಹಂತಗಳಲ್ಲಿ ಗಡಿಯಾರ ಹಿಡಿದು ನೋಡಿದರೆ ಫಾಲ್ಕನ್ನೇ ಮುಂದಿತ್ತು. ಎಂಜಿನ್ ಗಾತ್ರಕ್ಕೆ ತಕ್ಕ ಹ್ಯಾಂಡಿಕ್ಯಾಪ್ ಲೆಕ್ಕದಲ್ಲಿ ಮಿನಿಗೆ ಗೆಲುವು ಸಿಕ್ಕಿತು. ಸ್ಟೇರಿಂಗ್ ಹಿಂದೆ ಯಾರು ಕೂತಿದ್ದಾರೆ ಎಂಬುದೂ ಹ್ಯಾಂಡ್ಲಿಂಗ್‌ನ ಒಂದು ಭಾಗ ಅಂತ ನನಗೆ ಆಗಲೇ ಹೊಳೆಯಬೇಕಿತ್ತು.

ಆಗುಂಬೆಯಲ್ಲಿ ಕಲ್ಲು ಹಿಡಿದ ಕ್ಲೀನರ್

ನಮ್ಮ ದೇಶಕ್ಕೆ ಈ ಎರಡೂ ಬಗೆಯ ಕಾರು ಬಂದಿದ್ದವು. ಮುಂಬೈಯ ಪ್ರೀಮಿಯರ್ ಆಟೊಮೊಬೈಲ್ಸ್ ಮೊದಲು ಜೋಡಿಸಿದ್ದು ಅಮೆರಿಕದ ಕ್ರೈಸ್ಲರ್ ಕಂಪನಿಯ ಡಾಡ್ಜ್, ಪ್ಲಿಮತ್ ಕಾರುಗಳನ್ನು. 1950ರ ದಶಕದಲ್ಲಿ ಅದೇ ಕಂಪನಿ ಇಟಲಿಯ ಫಿಯಟ್ 1100 ಕೈಗೆತ್ತಿಕೊಂಡಿತು. ಅದರ ವಂಶದ ಕುಡಿಯೇ ಪದ್ಮಿನಿ. ಬ್ರಿಟನ್ನಿನ ಮೊರಿಸ್ ಆಕ್ಸ್‌ಫರ್ಡ್ ಇಲ್ಲಿ ಅಂಬಾಸಿಡರ್ ಆಗಿ 2014ರ ತನಕ ತಯಾರಾಯಿತು. ಅಮೆರಿಕದ ದೊಡ್ಡ ಕಾರುಗಳು ಇಲ್ಲಿ ಮಾಯವಾದದ್ದು ತಿರುಗಲಾರದೆ ಅಂತಲ್ಲ. ಪೆಟ್ರೋಲ್ ಖರ್ಚು, ಬೆಲೆ, ಆಮದಿನ ಬಿಗಿ ಅವನ್ನು ಬದಿಗೆ ಸರಿಸಿದವು.

ಅಪ್ಪಯ್ಯ ಹುಡುಗನಾಗಿದ್ದಾಗ ಒಮ್ಮೆ ಊರಿನ ಸಾಹುಕಾರರ ಡಾಡ್ಜ್ ಕಾರಿನಲ್ಲಿ ಆಗುಂಬೆ ಘಾಟಿ ಹತ್ತಿದ್ದರಂತೆ. 14 ಹಿಮ್ಮುರಿ ತಿರುವುಗಳ ಘಾಟಿ ಅದು. ಅಲ್ಲಿ ಇಂದಿಗೂ ದೊಡ್ಡ ಬಸ್ಸು ಓಡುವುದಿಲ್ಲ, ಮಿನಿ ಬಸ್ಸೇ ಗತಿ. ಕೆಲವು ತಿರುವಿನಲ್ಲಿ ಡಾಡ್ಜ್ ಒಂದೇ ಸಲಕ್ಕೆ ತಿರುಗುತ್ತಿರಲಿಲ್ಲ. ಕ್ಲೀನರ್ ಹಾರಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು, ಡ್ರೈವರ್ ರಿವರ್ಸ್ ಹಾಕಿ ಮತ್ತೆ ತಿರುಗಿಸಬೇಕು.

ಇದಕ್ಕೆ ಸಣ್ಣ ಲೆಕ್ಕ ಸಾಕು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಇಂಪಾಲಾದಲ್ಲಿ 3.02 ಮೀಟರ್, ಆ ಕಾಲದ ದೊಡ್ಡ ಅಮೆರಿಕನ್ ಕಾರುಗಳದ್ದೆಲ್ಲ ಹೆಚ್ಚುಕಡಿಮೆ ಇಷ್ಟೇ. ಪದ್ಮಿನಿಯದ್ದು 2.34 ಮೀಟರ್. ಎರಡರ ಮುಂದಿನ ಚಕ್ರವನ್ನೂ 30 ಡಿಗ್ರಿ ತಿರುಗಿಸಿದ್ದೇವೆ ಅಂದುಕೊಳ್ಳಿ. ಸುತ್ತು ಹಾಕಲು ಮೊದಲನೆಯದಕ್ಕೆ ಸುಮಾರು 12 ಮೀಟರ್ ವ್ಯಾಸದ ಜಾಗ ಬೇಕು, ಪದ್ಮಿನಿಗೆ 9.4 ಮೀಟರ್ ಸಾಕು. ಘಾಟಿಯ ತಿರುವಿನಲ್ಲಿ ಎರಡೂವರೆ ಮೀಟರ್ ಅಂದರೆ ರಸ್ತೆ ಮತ್ತು ಚರಂಡಿ ನಡುವಿನ ವ್ಯತ್ಯಾಸ.

ಆದರೆ ಅಮೆರಿಕದ್ದೇ ಆದ ಇನ್ನೊಂದು ಗಾಡಿ ನಮ್ಮ ಮಲೆನಾಡನ್ನು ಆಳಿತು: ವಿಲ್ಲಿಸ್ ಜೀಪ್. ಮಹೀಂದ್ರ ಕಂಪನಿ ಇಲ್ಲಿ ತಯಾರಿಸಿದ ಆ ಜೀಪಿನ ಚಕ್ರಾಂತರ ಎರಡು ಮೀಟರ್ ಚಿಲ್ಲರೆ. ಒಳ್ಳೆಯ ರಸ್ತೆಯಲ್ಲಿ ಅದು ಸೊಂಟ ಮುರಿಯುತ್ತದೆ, ವೇಗದಲ್ಲಿ ತಿರುಗಿಸಲು ಭಯ. ಮಳೆಗಾಲದಲ್ಲಿ ಅಡಿಕೆ ತೋಟದ ಕೆಸರಿಗೆ ಇಳಿಸಿ ನೋಡಿ, ಯುರೋಪಿನ ಯಾವ ನಾಜೂಕಿನ ಕಾರೂ ಹತ್ತಿರ ಸುಳಿಯುವುದಿಲ್ಲ. ಯಾವ ಕಾರು ಒಳ್ಳೆಯದು ಅಂತ ಕೇಳುವವರು ಮೊದಲು ಯಾವ ರಸ್ತೆಗೆ ಅಂತ ಹೇಳಬೇಕು.

ಘಾಟಿ ಇಳಿದ ದಿನ

ಕಳೆದ ನವೆಂಬರ್‌ನಲ್ಲಿ ಅತ್ತೆ ಮನೆಯಲ್ಲಿ ಕಾರ್ಯಕ್ರಮವಿತ್ತು. ‘ಕೊನೆಯ ಸಲ ಪದ್ಮಿನಿಯಲ್ಲಿ ಹೋಗೋಣ’ ಅಂದೆ. ‘ಕೊನೆಯ’ ಎಂಬ ಮಾತು ಅಪ್ಪಯ್ಯನಿಗೆ ಕೇಳಿಸಲಿಲ್ಲ ಅಥವಾ ಕೇಳಿಸದ ಹಾಗೆ ಇದ್ದರು.

ಸಿದ್ದಾಪುರ ಬಿಟ್ಟು ಹೊಸಂಗಡಿ ದಾಟಿದ ಮೇಲೆ ಬಾಳೆಬರೆ ಘಾಟಿ ಶುರು. ಹತ್ತುವಾಗ ಅಪ್ಪಯ್ಯನೇ ಓಡಿಸಿದರು. ನಾನು ಅವರ ಕೈಗಳನ್ನೇ ನೋಡುತ್ತಿದ್ದೆ. ತಿರುವಿಗೆ ಮುಂಚೆಯೇ ಸ್ಟೇರಿಂಗ್ ಪಕ್ಕದ ಗೇರ್ ಕಡ್ಡಿ ಎರಡಕ್ಕೆ ಬರುತ್ತಿತ್ತು, ತಿರುವಿನ ನಡುವೆ ಕಾಲು ಎಲ್ಲೂ ಅವಸರ ಮಾಡುತ್ತಿರಲಿಲ್ಲ. 40 ಅಶ್ವಶಕ್ತಿಯ ಎಂಜಿನ್ ಉಸಿರು ಬಿಡುತ್ತಾ ಹತ್ತಿತು. ಚಂಡಿಕಾಂಬಾ ಗುಡಿಯ ಹತ್ತಿರ ನಿಲ್ಲಿಸಿ, ಇಳಿದು ಕೈಮುಗಿದು, ಕಾಣಿಕೆ ಹಾಕಿದರು. ಬಲಭುಜವನ್ನು ಎರಡು ಸಲ ಉಜ್ಜಿಕೊಂಡರು. ನಾನು ಅದನ್ನು ಗಮನಿಸಿದರೂ ಅರ್ಥ ಮಾಡಿಕೊಳ್ಳಲಿಲ್ಲ.

ಸಂಜೆ ವಾಪಸ್ ಹೊರಡುವಾಗ ಕೀಲಿ ನನ್ನ ಕೈಗಿಟ್ಟರು. ಅತ್ತೆ ಕೊಟ್ಟ ಬಾಳೆಗೊನೆ, ಹಲಸಿನ ಹಪ್ಪಳದ ಕಟ್ಟು, ಅಕ್ಕಿ ಮೂಟೆ ಡಿಕ್ಕಿಯಲ್ಲಿ. ಅಮ್ಮ ಹಿಂದಿನ ಸೀಟಿನಲ್ಲಿ. ಅಂತೂ ನನ್ನ ಮೇಲೆ ನಂಬಿಕೆ ಬಂತು ಅಂತ ಖುಷಿಯಾಯಿತು.

ಮೂರನೇ ಗೇರಿನಲ್ಲಿ, ಬೆಂಗಳೂರಿನ ಆಟೊಮ್ಯಾಟಿಕ್ ಓಡಿಸುವ ಹಾಗೆ ಬ್ರೇಕ್ ಮೆಟ್ಟಿ ಮೆಟ್ಟಿ ಇಳಿದೆ. ಕಾರು ಚೆನ್ನಾಗಿಯೇ ತಿರುಗುತ್ತಿತ್ತು. ಸ್ಟೇರಿಂಗ್ ಭಾರ, ಆದರೆ ಚಕ್ರದ ಕೆಳಗಿನ ಪ್ರತಿ ಜಲ್ಲಿಕಲ್ಲೂ ಅಂಗೈಗೆ ಬರುತ್ತದೆ. ಇಂಪಾಲಾದ ಜೊತೆ ಹೋಲಿಸಿಕೊಂಡು ಮನಸ್ಸಿನಲ್ಲೇ ಲೇಖನ ಬರೆಯುತ್ತಿದ್ದೆ. ಅಷ್ಟರಲ್ಲಿ ಸುಟ್ಟ ವಾಸನೆ. ಮುಂದಿನ ತಿರುವಿಗೆ ಮೆಟ್ಟಿದಾಗ ಮೊದಲಿನಷ್ಟು ಹಿಡಿತ ಇರಲಿಲ್ಲ. ಇನ್ನೂ ಜೋರಾಗಿ ಮೆಟ್ಟಿದೆ. ಕಾರು ನಿಧಾನ ಆಗುತ್ತಿದೆ, ಆದರೆ ಬೇಕಾದಷ್ಟು ಆಗುತ್ತಿಲ್ಲ. ಬಲಕ್ಕೆ ಕಣಿವೆ. ಅಮ್ಮ ದೇವರ ಹೆಸರು ಹೇಳತೊಡಗಿದರು.

“ಮೆಟ್‌ಬೇಡ ಮಗಾ. ಗೇರ್ ಹಾಕ್. ಎರಡ್ನೇ ಗೇರ್,” ಅಂದರು ಅಪ್ಪಯ್ಯ. ದನಿ ಏರಲಿಲ್ಲ.

ಎರಡನೇ ಗೇರ್ ಹಾಕಿ ಕ್ಲಚ್ ಬಿಟ್ಟ ಕೂಡಲೇ ಎಂಜಿನ್ ಅರಚಿತು, ಕಾರನ್ನು ಯಾರೋ ಹಿಂದಿನಿಂದ ಹಿಡಿದ ಹಾಗಾಯಿತು. ಅಪ್ಪಯ್ಯ ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆದು ಎಳೆದು ಬಿಟ್ಟರು. ತಿರುವು ದಾಟಿತು. ಸ್ವಲ್ಪ ಕೆಳಗೆ ರಸ್ತೆ ಅಗಲವಿದ್ದ ಕಡೆ ನಿಲ್ಲಿಸಿದಾಗ ನನ್ನ ಕಾಲು ನಡುಗುತ್ತಿತ್ತು.

“ಹತ್ತುಕೆ ಯಾವ್ ಗೇರ್ ಬೇಕೊ, ಇಳೂಕೂ ಅದೇ ಗೇರ್,” ಅಂದರು. ಬಾಟಲಿ ನೀರನ್ನು ಚಕ್ರಕ್ಕೆ ಹೊಯ್ಯಲು ಹೋದ ನನ್ನನ್ನು ತಡೆದರು. ಕಾದ ಡ್ರಮ್‌ಗೆ ತಣ್ಣೀರು ಬಿದ್ದರೆ ಸೀಳಬಹುದು. ತಾನಾಗಿ ಆರಬೇಕು.

ಆಮೇಲೆ ಲೆಕ್ಕ ಹಾಕಿದೆ. ಜನ, ಸಾಮಾನು ಸೇರಿ 1,100 ಕಿಲೋ ತೂಕದ ಕಾರು 500 ಮೀಟರ್ ಎತ್ತರದಿಂದ ಇಳಿದರೆ ಹೊರಬರುವ ಶಕ್ತಿ ಸುಮಾರು 54 ಲಕ್ಷ ಜೂಲ್. 17 ಲೀಟರ್ ತಣ್ಣೀರನ್ನು, ಅಂದರೆ ದೊಡ್ಡದೊಂದು ಕೊಡ ನೀರನ್ನು, ಕುದಿಸಲು ಅಷ್ಟು ಸಾಕು. ಎಂಜಿನ್ ಅದರ ಪಾಲು ತೆಗೆದುಕೊಳ್ಳದಿದ್ದರೆ ಆ ಬಿಸಿಯೆಲ್ಲ ನಾಲ್ಕು ಬ್ರೇಕ್ ಡ್ರಮ್‌ಗಳಿಗೇ. ಡ್ರಮ್ ಕಾದರೆ ಒಳಗಿನ ಲೈನಿಂಗ್ ಹಿಡಿತ ಬಿಡುತ್ತದೆ. ಡಿಸ್ಕ್ ಬ್ರೇಕ್ ಬೇಗ ಆರುತ್ತದೆ. 1955ರಲ್ಲೇ ಫ್ರಾನ್ಸಿನ ಸಿಟ್ರೊಯೆನ್ ಡಿಎಸ್ ಮುಂದಿನ ಚಕ್ರಗಳಿಗೆ ಅದನ್ನು ಕೊಟ್ಟಿತ್ತು. ಪದ್ಮಿನಿಗೆ ಆ ಭಾಗ್ಯ ಇರಲಿಲ್ಲ. ಇಂಪಾಲಾಕ್ಕೂ ಇರಲಿಲ್ಲ, ಮೇಲಾಗಿ ಅದರ ತೂಕ 1,600 ಕಿಲೋಗಿಂತ ಹೆಚ್ಚು, ನನ್ನ ಸಹೋದ್ಯೋಗಿಯ ಕಾರಿನ ಆಟೊಮ್ಯಾಟಿಕ್ ಗೇರ್ ಬರೀ ಎರಡು. ನಾನು ಅದನ್ನು ಈ ಘಾಟಿಯಲ್ಲಿ ಹೀಗೇ ಇಳಿಸಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲೂ ಇಷ್ಟವಿಲ್ಲ.

ಸ್ಟೇರಿಂಗ್ ಹೇಳಿದ್ದು

ಡ್ರಮ್ ಆರುವ ತನಕ ಮೂರೂ ಜನ ರಸ್ತೆ ಬದಿಯ ಕಟ್ಟೆ ಮೇಲೆ ಕೂತು ಬಾಳೆಹಣ್ಣು ತಿಂದೆವು. ‘ಇಷ್ಟು ಗೊತ್ತಿದ್ದವರು ನನಗ್ಯಾಕೆ ಓಡಿಸಲು ಕೊಟ್ಟಿರಿ?’ ಅಂತ ಕೇಳಿದೆ.

ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹತ್ತುವತ್ತಿಗೇ ಗೊತ್ತಾಯ್ತ್. ಭುಜ ತಿರ್ಗ್‌ಲಿಲ್ಲ. ಈ ಸ್ಟೇರಿಂಗ್ ಸುಳ್ಳ್ ಹೇಳುದಿಲ್ಲ.”

ನಾನು ಅದನ್ನು ನಂಬಿಕೆ ಅಂದುಕೊಂಡಿದ್ದೆ. ಅವರು ಕೀಲಿ ಕೊಟ್ಟದ್ದು ತಮ್ಮ ಕೈಲಾಗುವುದಿಲ್ಲ ಅಂತ ತಿಳಿದು. ಅದನ್ನು ಅವರಿಗೆ ತಿಳಿಸಿದ್ದು ನಾನಲ್ಲ, ಡಾಕ್ಟರೂ ಅಲ್ಲ, ಆ ಭಾರದ ಸ್ಟೇರಿಂಗ್.

ಪವರ್ ಸ್ಟೇರಿಂಗ್ ಮೊದಲು ಮಾರುಕಟ್ಟೆಯ ಕಾರಿಗೆ ಬಂದದ್ದು 1951ರಲ್ಲಿ, ಅಮೆರಿಕದ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಹಳೆಯ ಅಮೆರಿಕನ್ ಕಾರಿಗೆ ‘ರಸ್ತೆಯ ಸುದ್ದಿ ಕೈಗೆ ಬರುವುದಿಲ್ಲ’ ಎಂಬ ಕೆಟ್ಟ ಹೆಸರು ತಂದದ್ದರಲ್ಲಿ ಅದರ ಪಾಲೂ ಇದೆ. ಆದರೆ ಭುಜ ನೋಯುವ 68ರ ಮನುಷ್ಯನನ್ನು ಇನ್ನೂ ಹತ್ತು ವರ್ಷ ರಸ್ತೆಯಲ್ಲಿ ಇರಿಸಬಲ್ಲದ್ದೂ ಅದೇ. ನಾನು ದಿನಾ ಪರೀಕ್ಷಿಸುವ ಸಾಫ್ಟ್‌ವೇರ್ ಈ ಎರಡರ ನಡುವಿನ ರಾಜಿ. ಎಷ್ಟು ಹಗುರ ಮಾಡಬೇಕು, ಎಷ್ಟು ಸತ್ಯ ಉಳಿಸಬೇಕು. ಆಫೀಸಿನಲ್ಲಿ ಆ ಸಂಖ್ಯೆಗಳ ಪಟ್ಟಿ ತೆರೆದಾಗಲೆಲ್ಲ ಈಗ ಆ ಕಟ್ಟೆ ನೆನಪಾಗುತ್ತದೆ.

ಪದ್ಮಿನಿಯನ್ನು ಮಾರಲಿಲ್ಲ. ಡಿಸೆಂಬರ್‌ನಲ್ಲಿ 10,000 ಕಟ್ಟಿ ನವೀಕರಿಸಿದೆವು. ಬ್ರೇಕ್ ಲೈನಿಂಗ್ ಹೊಸದು ಹಾಕಿಸಿದೆವು. ನಿಯಮದ ಪ್ರಕಾರ ‘ವಿಂಟೇಜ್’ ಅನಿಸಿಕೊಳ್ಳಲು 50 ವರ್ಷ ದಾಟಬೇಕು, ಇನ್ನೂ ಹತ್ತು ವರ್ಷ ಇದೆ. ಅಪ್ಪಯ್ಯ ಅದರಲ್ಲಿ ಸಿದ್ದಾಪುರ ಪೇಟೆಗೆ, ಕಮಲಶಿಲೆ ದೇವಸ್ಥಾನಕ್ಕೆ, ಶಂಕರನಾರಾಯಣಕ್ಕೆ ಹೋಗಿ ಬರುತ್ತಾರೆ. ಘಾಟಿ ಹತ್ತುವುದಿದ್ದರೆ ತಂಗಿಯ ಪವರ್ ಸ್ಟೇರಿಂಗ್ ಕಾರು. ಈ ಒಪ್ಪಂದ ಮುಂದಿಟ್ಟದ್ದೂ ಅವರೇ.

ಹೋದ ತಿಂಗಳು ಊರಿಗೆ ಹೋದಾಗ ಆ ಹೊಸ ಕಾರಿನಲ್ಲಿ ಅಪ್ಪಯ್ಯನನ್ನು ಕೂರಿಸಿಕೊಂಡು ಘಾಟಿ ಇಳಿದೆ. ಮೊದಲ ತಿರುವಿಗೆ ಮುಂಚೆಯೇ ಎರಡನೇ ಗೇರ್ ಹಾಕಿದೆ. ಅವರು ಕಿಟಕಿಯಿಂದ ಆಚೆ ನೋಡುತ್ತಾ, ಏನೂ ಹೇಳಲಿಲ್ಲ. ಹೊಸಂಗಡಿ ಬರುವಷ್ಟರಲ್ಲಿ ನಿದ್ದೆ ಹೋಗಿದ್ದರು.